ಅವಳಿ ಮಕ್ಕಳ ತಾಯಿಯೂ ಅವಳ ಒಡಲಿನ ಬಲವೂ



ಈ ಸ್ಮರಣ ಸಂಚಿಕೆಗೆ ಏನಾದರೊಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಕಟ್ಟಡದ ವಿಷಯವಾಗಿಯೋ ಪರೀಕ್ಷೆಯ ಫಲಿತಾಂಶಗಳ ವಿಷಯವಾಗಿಯೋ ನಾಲ್ಕು ಮಾತು ಬರೆಯಬೇಕೆಂದು ನಾನು ಎಣಿಸಿದ್ದೆನು. ಆದರೆ ಅದೇ ವಾರದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಒಂದು ಕಾಗದ ಬಂದಿತು. ಅವಳು ಶಾಲೆಯಲ್ಲಿದ್ದಾಗ ಓಟದ ಪಂದ್ಯಗಳಲ್ಲಿ ಯಾವಾಗಲೂ ಮುಂದಾಗಿರುತ್ತಿದ್ದವಳು. ಈಗ ಅವಳ ಮಡಿಲಲ್ಲಿ ಏಳು ವಾರದ ಅವಳಿ ಹೆಣ್ಣುಮಕ್ಕಳಿರುತ್ತಾರೆ. "ಅಕ್ಕೋರೇ, ಮೂರು ತಿಂಗಳಿಗೆ ತಮ್ಮನ ಮದುವೆ ಇದೆ. ನನ್ನ ಹೊಟ್ಟೆ ಇನ್ನೂ ಐದು ತಿಂಗಳ ಬಸಿರಿಯ ಹೊಟ್ಟೆಯ ಹಾಗೆಯೇ ಕಾಣುತ್ತದೆ. ನೀವು ಕವಾಯತಿನಲ್ಲಿ ಕಲಿಸಿದ ಹೊಟ್ಟೆಯ ವ್ಯಾಯಾಮವನ್ನು ದಿನಕ್ಕೆ ನೂರು ಸಲ ಮಾಡಿದರೆ ಸರಿಹೋದೀತೇ?" ಎಂದು ಅವಳು ಬರೆದಿದ್ದಳು.

ಆ ರಾತ್ರಿ ನಾನು ಉತ್ತರ ಬರೆಯದೆ ಮಲಗಲಿಲ್ಲ. ಯಾಕಂದರೆ ಅವಳು ಮಾಡಬೇಕೆಂದಿದ್ದ ತಪ್ಪನ್ನು ನಾನು ಮಾಡಿ ಮುಗಿಸಿದವಳಾಗಿದ್ದೆನು. ಅವಳಿಗೆ ಆ ವ್ಯಾಯಾಮವನ್ನು ಕಲಿಸಿದವಳೂ ನಾನೇ. ಆ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತೇನೆ. ವಿಷಯವು ಸಭೆಯಲ್ಲಿ ಮಾತಾಡತಕ್ಕದ್ದಲ್ಲವೆಂದು ಕೆಲವರಿಗೆ ತೋರಬಹುದು. ಮಾತಾಡದೆ ಇದ್ದುದರಿಂದ ಆದ ನಷ್ಟವನ್ನು ಬಲ್ಲವಳಾದ್ದರಿಂದ ನಾನು ಸಂಕೋಚವನ್ನು ಬದಿಗಿಟ್ಟಿದ್ದೇನೆ.

ನನ್ನ ಅವಳಿ ಮಕ್ಕಳು 2014ನೆಯ ಇಸವಿಯ ಜುಲೈ ತಿಂಗಳಲ್ಲಿ ಹುಟ್ಟಿದರು. ನನಗೆ ಆಗ ಮೂವತ್ತೇಳು ವರ್ಷ. ಗಂಡುಕೂಸು 2.4 ಕಿಲೋ, ಹೆಣ್ಣುಕೂಸು 2.2 ಕಿಲೋ ತೂಗಿದವು. ಹೆರಿಗೆಯು ಶಸ್ತ್ರಕ್ರಿಯೆಯಿಂದ, ಅಂದರೆ ಸಿಜೇರಿಯನ್ ಮೂಲಕ ಆಯಿತು. ಧಾರವಾಡದ ತವರುಮನೆಯಲ್ಲಿ ನಮ್ಮವ್ವ ಬಾಣಂತನ ಮಾಡಿದಳು. ಎಣ್ಣೆ, ಬಿಸಿನೀರು, ಅಳವಿ ಪಾಯಸ, ಅಂಟಿನ ಉಂಡಿ, ಒಂದೂ ತಪ್ಪಲಿಲ್ಲ. ಗಾಯ ಮಾಯ್ದ ಮೇಲೆ ಮೆತ್ತಗಾದ ಹಳೆಯ ಸೀರೆಯೊಂದನ್ನು ನನ್ನ ಹೊಟ್ಟೆಗೆ ಸುತ್ತಿ ಕಟ್ಟುತ್ತಿದ್ದಳು. ನಾನು ಕನ್ನಡಿಯ ಮುಂದೆ ನಿಂತು ಮುಖ ಸಣ್ಣಗೆ ಮಾಡಿದಾಗ, "ಒಂಬತ್ತು ತಿಂಗಳು ಹಿಗ್ಗಿದ್ದು ಒಂಬತ್ತು ದಿನಕ್ಕ ಕುಗ್ಗತದೇನವ್ವಾ?" ಎಂದು ನಗುತ್ತಿದ್ದಳು. ಆ ಮಾತಿನ ಸತ್ಯವು ಆಗ ನನ್ನ ಕಿವಿಗೆ ಬಿದ್ದಿತೇ ಹೊರತು ಮನಸ್ಸಿಗೆ ಹತ್ತಲಿಲ್ಲ.

ಆಗಿನ ಕಾನೂನಿನ ಮೇರೆಗೆ ನನಗೆ ದೊರೆತ ರಜೆಯು 12 ವಾರಗಳದು. ಅದು 26 ವಾರಗಳಾದದ್ದು 2017ರ ತಿದ್ದುಪಡಿಯಿಂದ. ಅಕ್ಟೋಬರಿನಲ್ಲಿ ನಾನು ಶಾಲೆಗೆ ಮರಳಿದೆನು. ಡಿಸೆಂಬರಿನಲ್ಲಿ ಆಟೋಟದ ಸ್ಪರ್ಧೆಗಳಿದ್ದವು. ನಾನು ಸೀಟಿ ಹಿಡಿದುಕೊಂಡು ಮೈದಾನದಲ್ಲಿ ನಿಂತಿರಲು, ಐದನೆಯ ತರಗತಿಯ ಒಂದು ಹುಡುಗಿ ಬಂದು, "ಅಕ್ಕೋರ, ನಿಮ್ಮ ಹೊಟ್ಟ್ಯಾಗ ಇನ್ನೊಂದು ಕೂಸು ಐತೇನ್ರಿ?" ಎಂದು ಕೇಳಿದಳು. ಅವಳ ಮುಖದಲ್ಲಿ ಕುಚೋದ್ಯವಿರಲಿಲ್ಲ, ಸಂತೋಷವಿತ್ತು. ನಾನು ನಕ್ಕು ಅವಳ ತಲೆಯನ್ನು ಸವರಿ ಕಳುಹಿಸಿದೆನು. ಆದರೆ ಆ ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡು ಚಾಪೆ ಹಾಸಿ, ಬೆನ್ನ ಮೇಲೆ ಮಲಗಿ, ಕೈಗಳನ್ನು ತಲೆಯ ಹಿಂದೆ ಕಟ್ಟಿ, ಮೊಣಕಾಲಿನತ್ತ ಮೂವತ್ತು ಸಲ ಎದ್ದೆನು. ಮರುದಿನವೂ ಹಾಗೆಯೇ ಮಾಡಿದೆನು. ತರಬೇತಿ ಕಾಲೇಜಿನಲ್ಲಿ ಕಲಿತದ್ದು ಅದು. ನೂರಾರು ಹುಡುಗಿಯರಿಂದ ಮಾಡಿಸಿದ್ದೂ ಅದೇ.

ಮೂರು ವಾರಗಳಾದ ಮೇಲೆ ಒಂದು ವಿಚಿತ್ರವನ್ನು ಕಂಡೆನು. ನಾನು ತಲೆಯೆತ್ತಿ ಏಳುವಾಗ ಹೊಟ್ಟೆಯ ನಟ್ಟನಡುವೆ, ಎದೆಯೆಲುಬಿನ ಕೆಳಗಿನಿಂದ ಹೊಕ್ಕುಳದವರೆಗೆ, ಬಾಳೆಕಾಯಿಯ ಹಾಗೆ ಒಂದು ಏರಿ ಎದ್ದು ನಿಲ್ಲುತ್ತಿತ್ತು, ಮಲಗಿದೊಡನೆ ಇಳಿಯುತ್ತಿತ್ತು. ಸೊಂಟದ ನೋವು ಹೆಚ್ಚಿತು. ಇದಕ್ಕೂ ಹೆಚ್ಚಿನ ಸಂಕಟದ ಸಂಗತಿಯನ್ನು ಹೇಳಿಬಿಡುತ್ತೇನೆ. ಒಂದು ಮುಂಜಾನೆ ಪ್ರಾರ್ಥನೆಗೆ ಎಲ್ಲರೂ ಸಾಲಾಗಿ ನಿಂತಿರುವಾಗ ನನಗೆ ಸೀನು ಬಂದಿತು. ಸೀನಿದೊಡನೆ ಬಟ್ಟೆ ಒದ್ದೆಯಾಯಿತು. ಆ ದಿನ ನಾನು ಮೊದಲ ಎರಡು ಪಾಠಗಳನ್ನು ಖುರ್ಚಿಯಿಂದ ಏಳದೆ ಮಾಡಿದೆನು. ಗಂಡನಿಗೆ ಹೇಳಲಿಲ್ಲ, ಅವ್ವನಿಗೆ ಹೇಳಲಿಲ್ಲ, ವೈದ್ಯರಿಗಂತೂ ಹೇಳಲೇ ಇಲ್ಲ. ಶರೀರಶಾಸ್ತ್ರವನ್ನು ಪಾಠ ಹೇಳುವವಳು ತನ್ನ ಶರೀರದ ವಿಷಯವನ್ನು ಇನ್ನೊಬ್ಬರಲ್ಲಿ ಕೇಳಲು ನಾಚಿದಳು.

ಫೆಬ್ರವರಿ ತಿಂಗಳಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಕ್ಕಳನ್ನು ನೋಡಲು ಮನೆಗೆ ಬಂದಳು. ಅವಳು ಫಿಜಿಯೋಥೆರಪಿಯನ್ನು ಓದಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದವಳು. ಹೆಸರನ್ನು ಬರೆಯಬಾರದೆಂದು ಅವಳೇ ಕೇಳಿಕೊಂಡಿದ್ದಾಳೆ. ಚಹ ತರಲು ನಾನು ಎದ್ದುದನ್ನು ನೋಡಿ ಅವಳು ಮೆಲ್ಲಗೆ, "ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನೀವು ಸೊಂಟಾ ಹಿಡಕೊಂಡು ಏಳೂದು ನೋಡಿದೆ. ಹೊಟ್ಟಿ ಒಮ್ಮೆ ನೋಡಲೇನ್ರಿ?" ಎಂದಳು. ಅಂದು ಗುರುವಾದವಳು ಶಿಷ್ಯಳಾದಳು.

ಅವಳು ನನ್ನನ್ನು ಮಲಗಿಸಿ, ಮೊಣಕಾಲುಗಳನ್ನು ಮಡಿಸಲು ಹೇಳಿ, ಹೊಕ್ಕುಳದ ಮೇಲ್ಭಾಗದಲ್ಲಿ ತನ್ನ ಬೆರಳುಗಳನ್ನು ಅಡ್ಡಲಾಗಿ ಇಟ್ಟು, ತಲೆಯನ್ನು ಸ್ವಲ್ಪವೇ ಎತ್ತಲು ಹೇಳಿದಳು. ನಾಲ್ಕು ಬೆರಳುಗಳು ಒಳಗಿಳಿದವು. "ಇದಕ್ಕೆ ಡಯಾಸ್ಟೇಸಿಸ್ ರೆಕ್ಟೈ ಎನ್ನುತ್ತಾರೆ. ರೋಗವೆಂದು ಹೆದರಬೇಡಿರಿ, ಸ್ನಾಯುಗಳ ನಡುವಿನ ಅಂತರವಿದು," ಎಂದು ಹೇಳಿ, ನನ್ನ ಮಕ್ಕಳ ಪಾಟಿಯೊಂದರ ಮೇಲೆಯೇ ಚಿತ್ರ ಬರೆದು ವಿವರಿಸಿದಳು. ಅವಳು ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ನಮ್ಮ ಹೊಟ್ಟೆಯ ಮುಂಭಾಗದಲ್ಲಿ ಎರಡು ಉದ್ದನೆಯ ಸ್ನಾಯುಗಳು ಪಕ್ಕೆಲುಬುಗಳಿಂದ ಕಿಬ್ಬೊಟ್ಟೆಯ ಎಲುಬಿನವರೆಗೆ ಜೋಡಿಯಾಗಿ ಇಳಿಯುತ್ತವೆ. ಇವೆರಡನ್ನೂ ನಡುವೆ ಬೆಸೆಯುವದು ಒಂದು ಗಟ್ಟಿಯಾದ ಬಿಳಿಯ ನಾರಿನ ಪಟ್ಟಿ. ಗರ್ಭವು ಬೆಳೆದಂತೆ ಈ ಪಟ್ಟಿಯು ಅಗಲವಾಗಿ ತೆಳ್ಳಗಾಗುತ್ತದೆ, ಸ್ನಾಯುಗಳು ಬದಿಗೆ ಸರಿಯುತ್ತವೆ. ಗರ್ಭಿಣಿಯ ದೇಹದ ರಸಗಳು ಇಂಥ ನಾರುಗಳನ್ನು ಮೃದುಮಾಡುವದೂ ಇದಕ್ಕೆ ಸಹಾಯಕವಾಗಿರುತ್ತದೆ. ಒಂದೇ ಕೂಸಿನ ತಾಯಿಗೂ ಹೀಗಾಗುವದುಂಟು. ಎರಡು ಕೂಸುಗಳು, ಅವುಗಳ ನೀರು, ಮಾಸು, ಇಷ್ಟನ್ನೂ ಹೊತ್ತ ಒಡಲು ಇನ್ನೂ ಹೆಚ್ಚಾಗಿ ಹಿಗ್ಗುವದು ಸಹಜವೇ. 2016ರಲ್ಲಿ ಪ್ರಕಟವಾದ ನಾರ್ವೆ ದೇಶದ ಅಧ್ಯಯನವೊಂದರಲ್ಲಿ ಚೊಚ್ಚಲ ಹೆರಿಗೆಯ 300 ಮಂದಿ ತಾಯಂದಿರನ್ನು ಪರೀಕ್ಷಿಸಲಾಗಿ, ಹೆರಿಗೆಯಾದ ಆರು ವಾರಗಳಿಗೆ ನೂರಕ್ಕೆ 60 ಮಂದಿಯಲ್ಲಿಯೂ, ವರ್ಷ ತುಂಬಿದಾಗ ನೂರಕ್ಕೆ ಸುಮಾರು 33 ಮಂದಿಯಲ್ಲಿಯೂ ಈ ಅಂತರವು ಕಂಡುಬಂದಿತು. ಇದರಿಂದ ಎರಡು ಪಾಠಗಳು ಹೊರಡುತ್ತವೆ. ಇದು ಒಬ್ಬಳ ದುರದೃಷ್ಟವಲ್ಲ. ಮತ್ತು ಕಾಲವು ತಾನಾಗಿಯೇ ಬಹುಮಂದಿಗೆ ಸಹಾಯ ಮಾಡುತ್ತದೆ.

ಹಾಗಾದರೆ ನನ್ನ ಮೂವತ್ತು ಸಲದ ವ್ಯಾಯಾಮವು ಯಾಕೆ ಕೆಡಕು ಮಾಡಿತು? ಹೊಟ್ಟೆಯನ್ನು ಒಂದು ಗಡಿಗೆಯೆಂದು ಎಣಿಸಿರಿ. ಮೇಲಿನ ಮುಚ್ಚಳವು ಉಸಿರಾಟದ ಸ್ನಾಯುವಾದ ವಪೆ. ಕೆಳಗಿನ ತಳವು ಮೂತ್ರಕೋಶವನ್ನೂ ಗರ್ಭಕೋಶವನ್ನೂ ಎತ್ತಿ ಹಿಡಿಯುವ ಕಟಿತಳದ ಸ್ನಾಯುಗಳು. ಸುತ್ತಲಿನ ಗೋಡೆಯು ನಡುಕಟ್ಟಿನಂತೆ ಬೆನ್ನಿನಿಂದ ಮುಂದಕ್ಕೆ ಸುತ್ತಿಬಂದ ಒಳಗಿನ ಅಡ್ಡ ಸ್ನಾಯು. ಮುಂದಿನ ಎರಡು ಉದ್ದ ಸ್ನಾಯುಗಳು ಆ ಗೋಡೆಯ ಹೊರಗಿನ ಭಾಗ. ತಳವೂ ಗೋಡೆಯೂ ಸಡಿಲವಾಗಿರುವಾಗ ನಾವು ಉಸಿರು ಬಿಗಿಹಿಡಿದು ಎದ್ದರೆ, ಒಳಗಿನ ಒತ್ತಡವು ಎಲ್ಲಿ ದುರ್ಬಲವೋ ಅಲ್ಲಿಗೆ ನುಗ್ಗುತ್ತದೆ. ಮುಂದಕ್ಕೆ ನುಗ್ಗಿದರೆ ಬಾಳೆಕಾಯಿಯಂಥ ಏರಿ. ಕೆಳಕ್ಕೆ ನುಗ್ಗಿದರೆ ಒದ್ದೆ ಬಟ್ಟೆ. ನನಗೆ ಎರಡೂ ಆಗಿದ್ದವು. ಆದಕಾರಣ ಒಡಲನ್ನು ಒಳಗಿನಿಂದ ಹೊರಕ್ಕೆ ಕಟ್ಟುತ್ತ ಬರಬೇಕು, ಹೊರಗಿನಿಂದ ಒಳಕ್ಕಲ್ಲ. ನನ್ನ ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಇದೇ.

ಅವಳು ನನಗೆ ಹೇಳಿಕೊಟ್ಟ ಕ್ರಮವು ಹೀಗಿತ್ತು.

ಮೊದಲನೆಯದು ಉಸಿರು. ಮೊಣಕಾಲುಗಳನ್ನು ಮಡಿಸಿ ಮಲಗಿ, ಪಕ್ಕೆಗಳೂ ಹೊಟ್ಟೆಯೂ ಹಿಗ್ಗುವಂತೆ ಮೂಗಿನಿಂದ ಉಸಿರನ್ನು ತೆಗೆದುಕೊಳ್ಳಬೇಕು. ಬಾಯಿಂದ ನಿಧಾನವಾಗಿ ಬಿಡುವಾಗ ಮೂತ್ರವನ್ನು ತಡೆಯುವವರ ಹಾಗೆ ಕಟಿತಳವನ್ನು ಮೇಲಕ್ಕೆಳೆದು, ಹೊಕ್ಕುಳದ ಕೆಳಗಿನ ಭಾಗವನ್ನು ಬೆನ್ನಿನತ್ತ ಮೆಲ್ಲಗೆ ಸೆಳೆದುಕೊಳ್ಳಬೇಕು. ಉಸಿರನ್ನು ತೆಗೆದುಕೊಳ್ಳುವಾಗ ಪೂರ್ಣವಾಗಿ ಸಡಿಲಿಸಬೇಕು. ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ಕಟಿತಳದ ಈ ಅಭ್ಯಾಸವು ಹೊಸತಲ್ಲ. ಅಮೇರಿಕದ ವೈದ್ಯರಾದ ಆರ್ನಲ್ಡ್ ಕೀಗೆಲರು 1948ರಲ್ಲಿಯೇ ಇದರ ವಿಷಯವಾಗಿ ಬರೆದಿದ್ದರು. ಹೆರಿಗೆಯು ಸುಗಮವಾಗಿದ್ದರೆ ಮೊದಲ ದಿನಗಳಿಂದಲೇ, ಸಿಜೇರಿಯನ್ ಆದವರು ಮೂತ್ರದ ನಳಿಕೆಯನ್ನು ತೆಗೆದ ಮೇಲೆ, ನೋವಿಲ್ಲದಷ್ಟು ಮಟ್ಟಿಗೆ ಇದನ್ನು ಮಾಡಬಹುದು. ಅದರ ಜೊತೆಗೆ ಮನೆಯಲ್ಲಿಯೇ ಸ್ವಲ್ಪ ಸ್ವಲ್ಪ ನಡೆದಾಡುವದು.

ಎರಡನೆಯದು ಏಳುವ ರೀತಿ. ಮಂಚದಿಂದ ನೇರವಾಗಿ ಎದ್ದು ಕುಳಿತುಕೊಳ್ಳಬಾರದು. ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಕೆಳಗಿಳಿಸಿ, ಕೈಯೂರಿ ಏಳಬೇಕು. ಕೆಮ್ಮು ಸೀನು ಬಂದರೆ ಹೊಲಿಗೆಯ ಮೇಲೆ ದಿಂಬನ್ನು ಒತ್ತಿಕೊಳ್ಳಬೇಕು. ಸಿಜೇರಿಯನ್ನಿನಲ್ಲಿ ಆ ಉದ್ದ ಸ್ನಾಯುಗಳನ್ನು ಸಾಧಾರಣವಾಗಿ ಕತ್ತರಿಸದೆ ಬದಿಗೆ ಸರಿಸುತ್ತಾರಾದರೂ, ಅವುಗಳ ಮೇಲಿನ ಗಟ್ಟಿಯಾದ ಪೊರೆಯನ್ನು ಕತ್ತರಿಸಿ ಹೊಲಿದಿರುತ್ತಾರೆ. ಆದ್ದರಿಂದ ಮೊದಲ ಆರು ವಾರಗಳಲ್ಲಿ ಕೂಸಿಗಿಂತ ಭಾರವಾದುದನ್ನು ಎತ್ತದಿರುವದು ಒಳ್ಳೇದು.

ಮೂರನೆಯದು, ಆರರಿಂದ ಎಂಟು ವಾರಗಳಾದ ಮೇಲೆ ವೈದ್ಯರ ಅಪ್ಪಣೆ ಪಡೆದು ಮಾಡತಕ್ಕವುಗಳು. ಮಲಗಿಕೊಂಡು ಸೊಂಟದ ಬೆನ್ನೆಲುಬನ್ನು ಚಾಪೆಗೆ ಒತ್ತಿ ಬಿಡುವದು. ಒಂದು ಹಿಮ್ಮಡಿಯನ್ನು ನೆಲದ ಮೇಲೆಯೇ ದೂರಕ್ಕೆ ಜಾರಿಸಿ ಹಿಂದಕ್ಕೆ ತರುವದು. ಮಡಿಸಿದ ಒಂದು ಮೊಣಕಾಲನ್ನು ಹೊರಕ್ಕೆ ವಾಲಿಸಿ ತರುವದು. ಪಾದಗಳನ್ನೂರಿ ಸೊಂಟವನ್ನು ಎತ್ತಿ ಇಳಿಸುವದು. ಗೋಡೆಗೆ ಕೈಯೂರಿ ಮುಂದಕ್ಕೆ ಬಾಗಿ ಹಿಂದಕ್ಕೆ ತಳ್ಳಿಕೊಳ್ಳುವದು. ಪ್ರತಿಯೊಂದನ್ನೂ ಎಂಟು ಹತ್ತು ಸಲ. ಶ್ರಮದ ಹೊತ್ತಿಗೆ ಉಸಿರನ್ನು ಹೊರಕ್ಕೆ ಬಿಡಬೇಕೆಂಬುದೇ ಇವೆಲ್ಲವುಗಳ ಬೀಗದ ಕೈ. ಇವು ಸುಲಭವಾದ ಮೇಲೆ ಒಂದೊಂದೇ ಕಾಲನ್ನು ನೆಲದಿಂದ ಎತ್ತುವದು, ಆಮೇಲೆ ಕೈಕಾಲು ಊರಿ ಎದುರು ಬದಿಯ ಕೈಯನ್ನೂ ಕಾಲನ್ನೂ ಚಾಚುವದು, ಹೀಗೆ ಮುಂದುವರಿಯಬೇಕು.

ನಿಲ್ಲಿಸಬೇಕಾದ ಗುರುತುಗಳನ್ನು ಕಂಠಪಾಠ ಮಾಡಿಕೊಳ್ಳಿರಿ. ಹೊಟ್ಟೆಯ ನಡುವೆ ಏರಿ ಎದ್ದರೆ, ಮೂತ್ರ ಜಿನುಗಿದರೆ, ಕೆಳಗೆ ಏನೋ ಜಗ್ಗಿದಂತೆ ಭಾರವಾದರೆ, ನೋವು ಬಂದರೆ, ಆ ವ್ಯಾಯಾಮವು ಇನ್ನೂ ನಿಮ್ಮ ಪಾಲಿನದಲ್ಲ. ಒಂದು ಮೆಟ್ಟಿಲು ಕೆಳಗಿಳಿಯಿರಿ. ರಕ್ತಸ್ರಾವವು ಮತ್ತೆ ಹೆಚ್ಚಾದರೆ, ಹೊಕ್ಕುಳದ ಬಳಿ ಗಟ್ಟಿಯಾದ ಗಂಟು ಕಾಣಿಸಿಕೊಂಡು ನೋವೂ ವಾಂತಿಯೂ ಆದರೆ, ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಅಂತರವು ಬಹಳ ಅಗಲವಾಗಿದ್ದು ಒಂದು ವರ್ಷವಾದರೂ ತೊಂದರೆ ಕೊಡುತ್ತಿದ್ದರೆ ಕೆಲವರಿಗೆ ಶಸ್ತ್ರಕ್ರಿಯೆಯು ಬೇಕಾಗಬಹುದು, ಅದರಲ್ಲಿಯೂ ನಾಚಿಕೆಯಿಲ್ಲ.

ಅವ್ವ ಕಟ್ಟುತ್ತಿದ್ದ ಸೀರೆಯ ಕಟ್ಟನ್ನು ಕುರಿತು ನಾನು ಕೇಳಿದೆನು. ಅದು ಆಸರೆ, ಆದರೆ ಬಲವಲ್ಲ ಎಂದಳು. ಮೊದಲ ವಾರಗಳಲ್ಲಿ ಹಿತವೆನಿಸಿದರೆ ಹದವಾಗಿ ಕಟ್ಟಿಕೊಳ್ಳಬಹುದು. ಉಸಿರು ಸಿಕ್ಕುವಂತೆ ಬಿಗಿದರೆ ಒತ್ತಡವು ಕೆಳಕ್ಕೆ ಹೋಗಿ ಕಟಿತಳಕ್ಕೆ ಕೇಡಾಗುತ್ತದೆ. ಬೆಲ್ಟುಗಳಿಗೂ ಈ ಮಾತೇ ಸಲ್ಲುತ್ತದೆ. ಇನ್ನೊಂದು ಮಾತಿನಿಂದ ಅವಳು ನನ್ನನ್ನು ನಗಿಸಿದಳು. "ಹೊಟ್ಟೆ ಒಳಗೆ, ಎದೆ ಮುಂದೆ ಎಂದು ನೀವು ಕವಾಯತಿನಲ್ಲಿ ಕೂಗುತ್ತಿದ್ದಿರಲ್ಲ, ಅದನ್ನೂ ದಿನವಿಡೀ ಮಾಡಬಾರದು. ಸದಾ ಬಿಗಿಹಿಡಿದ ಹೊಟ್ಟೆಗೆ ಉಸಿರಾಡುವದೇ ಮರೆತುಹೋಗುತ್ತದೆ," ಎಂದಳು. ಇಪ್ಪತ್ತು ವರ್ಷಗಳ ಕಾಲ ಕೂಗಿದ ಮಾತನ್ನು ನಾನು ಅಂದಿನಿಂದ ಬಿಟ್ಟಿದ್ದೇನೆ.

ಮಲಗಿ ಏಳುವ ಆ ಹಳೆಯ ವ್ಯಾಯಾಮವನ್ನು ನಾನು ಶಾಪಗ್ರಸ್ತವೆಂದು ಹೇಳುತ್ತಿಲ್ಲ. 2023ರಲ್ಲಿ ಪ್ರಕಟವಾದ, ಅದೂ ನಾರ್ವೆ ದೇಶದಲ್ಲಿಯೇ ನಡೆದ ಇನ್ನೊಂದು ಪರೀಕ್ಷೆಯಲ್ಲಿ, ಹೆರಿಗೆಯಾಗಿ ಆರು ತಿಂಗಳಿಂದ ಒಂದು ವರ್ಷವಾಗಿದ್ದ 70 ಮಂದಿ ತಾಯಂದಿರು ಭಾಗವಹಿಸಿದ್ದರು. ಅವರಲ್ಲಿ ಒಂದು ಗುಂಪಿನವರು ತಲೆ ಹೆಗಲುಗಳನ್ನು ಎತ್ತುವ ವ್ಯಾಯಾಮವನ್ನು ಕ್ರಮವಾಗಿ 12 ವಾರ ಮಾಡಲಾಗಿ ಅವರ ಬಲವು ಹೆಚ್ಚಿತು, ಅಂತರವು ಹೆಚ್ಚಲಿಲ್ಲ. ಆದ್ದರಿಂದ ತಪ್ಪು ಇದ್ದದ್ದು ವ್ಯಾಯಾಮದಲ್ಲಿ ಅಲ್ಲ. ಅಡಿಪಾಯವಿಲ್ಲದೆ, ಯಾರನ್ನೂ ಕೇಳದೆ, ನಾಚಿಕೆಯ ಬಿಸಿಯಲ್ಲಿ ಮಾಡಿದ ನನ್ನ ಅವಸರದಲ್ಲಿ.

ನನ್ನ ಕಥೆಯ ಮುಕ್ತಾಯವು ಅದ್ಭುತವಾದದ್ದೇನಲ್ಲ. ಫೆಬ್ರವರಿಯಲ್ಲಿ ಉಸಿರಿನಿಂದ ಆರಂಭಿಸಿದೆನು. ಮಕ್ಕಳಿಗೆ ಹಾಲು ಕುಡಿಸುವಾಗ, ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವಾಗ ಕೂಡ ಮಾಡುತ್ತಿದ್ದೆನು. ಮೇ ತಿಂಗಳ ಸುಮಾರಿಗೆ ಸೀನಿದರೆ ಭಯವಿಲ್ಲದಾಯಿತು. ಶಾಲೆ ತೆರೆದಾಗ ಸೊಂಟದ ನೋವು ಬಹಳಷ್ಟು ತಗ್ಗಿತ್ತು. ವರ್ಷ ಕಳೆದ ಮೇಲೆ ನಾಲ್ಕು ಬೆರಳಿನ ಅಂತರವು ಒಂದೂವರೆ ಬೆರಳಿಗೆ ಇಳಿಯಿತು, ಅಲ್ಲಿಯೇ ನಿಂತಿತು. ಇಂದಿಗೂ ಅಷ್ಟಿದೆ. ಅಂತರವು ಪೂರ್ಣವಾಗಿ ಮುಚ್ಚದಿದ್ದರೂ ಗೋಡೆಯು ಗಟ್ಟಿಯಾಗಿ ತನ್ನ ಕೆಲಸವನ್ನು ಮಾಡಿದರೆ ಸಾಕೆಂದು ಕಲಿತಿದ್ದೇನೆ. ಸೀರೆಯ ನೆರಿಗೆಯ ಮೇಲೆ ನನ್ನ ಹೊಟ್ಟೆ ಸ್ವಲ್ಪ ಮುಂದೆ ಕಾಣುವದುಂಟು. ಎರಡು ಜೀವಗಳಿಗೆ ಮನೆಯಾಗಿದ್ದದ್ದು ಅದು, ಕಾಣಲಿ.

ಇನ್ನು ತಂದೆಗಳಿಗೂ ಅತ್ತೆಯಂದಿರಿಗೂ ಒಂದು ವಿಜ್ಞಾಪನೆ. ಅವಳಿ ಮಕ್ಕಳ ತಾಯಿಯು ದಿನಕ್ಕೆ ಎಷ್ಟು ಸಲ ಬಾಗಿ ಎತ್ತುತ್ತಾಳೆಂಬುದನ್ನು ಒಂದು ದಿನ ಎಣಿಸಿ ನೋಡಿರಿ. ನೀರಿನ ಕೊಡವನ್ನೂ ಅಕ್ಕಿಯ ಚೀಲವನ್ನೂ ಅವಳ ಕೈಯಿಂದ ತೆಗೆದುಕೊಳ್ಳಿರಿ. ಎರಡು ಕೂಸುಗಳನ್ನು ಒಮ್ಮೆಗೇ ಎತ್ತಿಕೊಂಡು ಮೆಟ್ಟಿಲು ಹತ್ತಲು ಬಿಡಬೇಡಿರಿ. ಹಗಲಿನಲ್ಲಿ ಹತ್ತು ಹತ್ತು ನಿಮಿಷದಂತೆ ಎರಡು ಹೊತ್ತು ಅವಳಿಗೆ ಚಾಪೆಯನ್ನೂ ಬಾಗಿಲು ಮುಚ್ಚಿದ ಕೋಣೆಯನ್ನೂ ದೊರಕಿಸಿಕೊಡಿರಿ. ಮತ್ತು ನೆಂಟರ ಮುಂದೆ ಅವಳ ಹೊಟ್ಟೆಯನ್ನು ಕುರಿತು ಹಾಸ್ಯ ಮಾಡದಿರಿ. ಮೂವತ್ತು ಸಲದ ಆ ವ್ಯಾಯಾಮಕ್ಕೆ ನನ್ನನ್ನು ದೂಡಿದ್ದು ಒಂದು ಮಗುವಿನ ಮುಗ್ಧ ಮಾತು. ದೊಡ್ಡವರ ಮಾತು ಇನ್ನೆಷ್ಟು ದೂಡೀತು!

ಕಾಗದ ಬರೆದಿದ್ದ ನನ್ನ ಓಟಗಾತಿಗೆ ನಾನು ಬರೆದ ಉತ್ತರದ ಕೊನೆಯ ಸಾಲುಗಳು ಇವು: "ತಮ್ಮನ ಮದುವೆಗೆ ಹೊಟ್ಟೆ ಹೇಗಿದೆಯೋ ಹಾಗೆಯೇ ಹೋಗು. ನೂರು ಸಲ ಬೇಡ. ಮೊದಲು ಹತ್ತು ಉಸಿರು ಸಾಕು. ವೈದ್ಯರಿಗೆ ತೋರಿಸಿ ನನಗೆ ತಿಳಿಸು." ಹದಿನೈದು ದಿನಗಳಾದ ಮೇಲೆ ಅವಳ ಮಾರುತ್ತರ ಬಂದಿತು. ತೋರಿಸಿದ್ದಳು, ಮೂರು ಬೆರಳಿನ ಅಂತರವಿತ್ತು. ಅದರ ಕೆಳಗೆ ಇನ್ನೊಂದು ಸಾಲು ಇತ್ತು: "ಅಕ್ಕೋರೇ, ಇದನ್ನು ನೀವು ಶಾಲೆಯಲ್ಲಿಯೇ ನಮಗೆ ಯಾಕೆ ಹೇಳಿಕೊಡಲಿಲ್ಲ?"

ಆ ಪ್ರಶ್ನೆಗೆ ನನ್ನಲ್ಲಿ ಸಮರ್ಪಕವಾದ ಉತ್ತರವಿರಲಿಲ್ಲ. ಈಗ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಶರೀರದ ಪಾಠವನ್ನು ಹೇಳುವಾಗ, ಪುಸ್ತಕದಲ್ಲಿ ಇಲ್ಲದಿದ್ದರೂ ಪಾಟಿಯ ಮೇಲೆ ಆ ಗಡಿಗೆಯ ಚಿತ್ರವನ್ನು ಬರೆಯುತ್ತೇನೆ. ಈ ಲೇಖನವು ಅವರಿಗಿಂತ ಮುಂಚೆ ಶಾಲೆಯನ್ನು ಬಿಟ್ಟುಹೋದ ನಿಮಗೆ, ತಡವಾಗಿ ಹೇಳಿದ ಅದೇ ಪಾಠವೆಂದು ತಿಳಿದುಕೊಳ್ಳಿರಿ.

ಇತಿ ನಿಮ್ಮ
ಮುಖ್ಯೋಪಾಧ್ಯಾಯಿನಿ